ಮೊಳಕೆ ರಾಗಿ ಹಿಟ್ಟು: ಮನೆಯದ್ದೋ, ಪ್ಯಾಕೆಟ್ಟೋ, ಡಬ್ಬಿ ಪುಡಿಯೋ?

ಸಣ್ಣ ಮಕ್ಕಳಿರುವ ಮನೆಗೆ, ಕೈ ಬಿಗಿಯಾಗಿದ್ದರೆ, ಮನೆಯಲ್ಲೇ ಮಾಡಿದ ಮೊಳಕೆ ರಾಗಿ ಹಿಟ್ಟೇ ಸರಿ. ಪ್ಯಾಕೆಟ್ ಮಾಲ್ಟ್, ಹಾಲಿಗೆ ಕಲಸುವ ಡಬ್ಬಿ ಪುಡಿ ಎರಡನ್ನೂ ಬಳಸಿ ನೋಡಿಯೇ ಈ ಮಾತು.

ಲೆಕ್ಕ ನೋಡಿ. ಕೆಜಿ ರಾಗಿಗೆ ಸುಮಾರು 50 ರೂಪಾಯಿ, ಗಿರಣಿಗೆ 15. ಜರಡಿ ಹಿಡಿದ ಮೇಲೆ 800 ಗ್ರಾಂ ಹಿಟ್ಟು ಉಳಿಯುತ್ತದೆ. 25 ಗ್ರಾಂನಂತೆ 32 ಬಟ್ಟಲು, ಬಟ್ಟಲಿಗೆ 2 ರೂಪಾಯಿ. ಪ್ಯಾಕೆಟ್ಟು ಅರ್ಧ ಕೆಜಿಗೆ 200ರ ಆಸುಪಾಸು. ಬಟ್ಟಲಿಗೆ 10 ಬೀಳುತ್ತದೆ. ಪಡಿತರದಲ್ಲಿ ರಾಗಿ ಸಿಗುವ ಕಡೆ ಖರ್ಚು ಬಹುಪಾಲು ಗಿರಣಿಯದ್ದೇ.

ಡಬ್ಬಿ ಪುಡಿ ಬೇಡವೇ ಬೇಡ. ಡಬ್ಬಿಯ ಹಿಂಬದಿಯ ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚಿರುವುದೇ ಮೊದಲು ಬರುತ್ತದೆ, ಅದರಲ್ಲಿ ಸಕ್ಕರೆ ಎಷ್ಟನೆಯ ಹೆಸರು ಎಂದು ನೋಡಿದರೆ ಸಾಕು. ಇಂಥ ಪುಡಿಗಳನ್ನು ‘ಹೆಲ್ತ್ ಡ್ರಿಂಕ್’ ಸಾಲಿನಿಂದ ತೆಗೆಯಿರಿ ಎಂದು 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವೇ ಆನ್‌ಲೈನ್ ಮಳಿಗೆಗಳಿಗೆ ಹೇಳಿತ್ತು.

ಮನೆಯ ಹಿಟ್ಟಿನಲ್ಲಿ ಕಾಟ ಕೊಡುವುದು ಒಂದೇ, ಒಣಗಿಸುವುದು. ರಾಗಿಯನ್ನು ನಾಲ್ಕೈದು ನೀರು ತೊಳೆದು, ಕಲ್ಲು ಜಾಲಿಸಿ, 8ರಿಂದ 10 ಗಂಟೆ ನೆನೆಸಿ. ನೀರು ಪೂರ್ತಿ ಬಸಿದ ಮೇಲೆಯೇ ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿ. ನೀರು ಜಿನುಗುತ್ತಿರುವಾಗಲೇ ಕಟ್ಟಿದರೆ ನಡುವಿನ ಕಾಳು ಲೋಳೆಯಾಗಿ ಹುಳಿ ವಾಸನೆ ಬರುತ್ತದೆ. ಬೇಸಿಗೆಯಲ್ಲಿ 24 ಗಂಟೆ ಸಾಕು, ಚಳಿಯಲ್ಲಿ 36 ಬೇಕು. ಮೊಳಕೆ ಅರ್ಧ ಸೆಂಟಿಮೀಟರ್ ದಾಟಿದರೆ ಬೇರುಗಳು ಹೆಣೆದುಕೊಂಡು ಬಿಡಿಸಲು ಬರುವುದಿಲ್ಲ. ಬೇರಿನ ಸುತ್ತ ಬಿಳಿ ನವಿರು ಕಂಡರೆ ಬೂಷ್ಟು ಹಿಡಿದಿದೆಯೆಂದು ಗಾಬರಿ ಬೇಡ. ನೀರು ಚಿಮುಕಿಸಿದರೆ ಅದು ಅಂಟಿಕೊಂಡು ಮಾಯವಾಗುತ್ತದೆ. ಮುಗ್ಗಲು ವಾಸನೆಯೋ ಹಸಿರು, ಕಪ್ಪು ಚುಕ್ಕೆಯೋ ಇದ್ದರೆ ಮಾತ್ರ ಅಷ್ಟನ್ನೂ ಎಸೆಯಿರಿ. ಹುರಿದರೆ ಬೂಷ್ಟಿನ ವಿಷ ಹೋಗುವುದಿಲ್ಲ.

ಒಣಹಾಕುವಾಗ ಕಾಳಿನ ಮೇಲೆ ಕಾಳು ಬೀಳಬಾರದು, ಅಷ್ಟು ತೆಳುವಾಗಿ ಹರಡಿ. ಎರಡು ದಿನದ ಮೇಲೆ ಒಂದು ಕಾಳನ್ನು ಹಲ್ಲಿಗೆ ಕೊಡಿ: ‘ಕಟ್’ ಎಂದರೆ ಒಣಗಿದೆ, ಮೆತ್ತಗೆ ಚಪ್ಪಟೆಯಾದರೆ ಇಲ್ಲ. ಆಮೇಲೆ ಸಣ್ಣ ಉರಿಯಲ್ಲಿ ಘಮ ಬರುವಷ್ಟು ಹುರಿದು, ಅಂಗೈಯಲ್ಲಿ ಉಜ್ಜಿ ಬೇರು ಉದುರಿಸಿ, ಮೊರದಲ್ಲಿ ಕೇರಿ. ಹಸಿ ಉಳಿದ ಕಾಳನ್ನು ಬೀಸಿಸಿದರೆ ಎರಡು ವಾರದೊಳಗೆ ಹಿಟ್ಟು ಗಂಟುಗಟ್ಟುತ್ತದೆ. ಗಿರಣಿಯಲ್ಲಿ ಹಿಂದೆ ಮೆಣಸಿನಕಾಯಿ ಬೀಸಿದ್ದರೆ ಅಂದು ವಾಪಸ್ ಬನ್ನಿ.

ಸತ್ವಕ್ಕೆ ಬಂದರೆ, ರಾಗಿಯಲ್ಲಿ 100 ಗ್ರಾಂಗೆ 340 ಮಿಲಿಗ್ರಾಂ ಮೀರಿ ಕ್ಯಾಲ್ಸಿಯಂ ಇದೆ, ಪ್ರೋಟೀನ್ 7 ಗ್ರಾಂ ಮಾತ್ರ. ಅದಕ್ಕೇ ಕೆಜಿ ರಾಗಿಗೆ 250 ಗ್ರಾಂ ಹುರಿಗಡಲೆ ಸೇರಿಸಿ ಬೀಸಿಸಬೇಕು. ಮೊಳಕೆ ಹಿಟ್ಟಿನ ಗಂಜಿ ತೆಳ್ಳಗೇ ಇರುತ್ತದೆ, ಏಕೆಂದರೆ ಮೊಳಕೆಯ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಇದು ಕುಂದಲ್ಲ, ಪುಟ್ಟ ಹೊಟ್ಟೆಗೆ ಅಷ್ಟೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹೋಗುತ್ತದೆ. ತಣ್ಣೀರಲ್ಲಿ ಕದಡಿ, ಆಮೇಲೆ ಒಲೆಗಿಟ್ಟು 6–7 ನಿಮಿಷ ಕುದಿಸಿ. ವರ್ಷ ತುಂಬದ ಮಗುವಿಗೆ ಉಪ್ಪು, ಸಕ್ಕರೆ, ಜೇನು ಹಾಕಬೇಡಿ. ದೊಡ್ಡ ಮಗುವಿಗೆ ಜೊತೆಗೆ ಸೀಬೆಹಣ್ಣಿನ ಹೋಳು ಕೊಟ್ಟರೆ ಕಬ್ಬಿಣಾಂಶ ಚೆನ್ನಾಗಿ ಹಿಡಿಯುತ್ತದೆ.

ಪ್ಯಾಕೆಟ್ಟು ಗೆಲ್ಲುವುದು ಜಡಿಮಳೆಯಲ್ಲಿ, ಅದರಲ್ಲೂ ಮಲೆನಾಡು, ಕರಾವಳಿಯಲ್ಲಿ. ಆಗಲೂ ಸಕ್ಕರೆ, ಹಾಲಿನ ಪುಡಿ ಬೆರೆಸದ್ದನ್ನೇ ಆರಿಸಿ. ಇಲ್ಲವೇ ಏಪ್ರಿಲ್–ಮೇ ಬಿಸಿಲಲ್ಲೇ 3 ಕೆಜಿ ಮೊಳಕೆ ಕಟ್ಟಿ ಹುರಿದಿಟ್ಟು, ಕಾಳಾಗಿಯೇ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಹದಿನೈದು ದಿನಕ್ಕೆ ಬೇಕಾದಷ್ಟನ್ನು ಮಾತ್ರ ಬೀಸಿಸಿಕೊಳ್ಳಿ.