ಪುಣೆಯ ಬೋರ್‌ವೆಲ್ ನೀರಿನಲ್ಲಿ ಎಂಟು ವರ್ಷ ಬಾಳಿದ ನಮ್ಮ 15 ಲೀಟರ್ ಗೀಸರ್

2017ರ ನವೆಂಬರ್‌ನಲ್ಲಿ ತಂದ ಗೀಸರ್ ಇದು. 15 ಲೀಟರ್, 2000 ವ್ಯಾಟ್, ಒಳಗೆ ಗಾಜಿನ ಲೇಪನ ಇರುವ ಉಕ್ಕಿನ ಟಾಕಿ. ನಮ್ಮ ಮನೆ ಪುಣೆಯ ವಾಕಡ್‌ನಲ್ಲಿ. ಎಂಟು ವರ್ಷದಲ್ಲಿ ಟಾಕಿ ಒಂದು ಹನಿ ಸೋರಿಲ್ಲ. ಇದಕ್ಕೂ ಮೊದಲು ಇದ್ದದ್ದು ನಾಲ್ಕೇ ವರ್ಷಕ್ಕೆ ಹೋಯಿತು. ಎರಡೂ ಒಂದೇ ಕಂಪನಿಯವು, ಒಂದೇ ಅಳತೆಯವು. ಎರಡಕ್ಕೂ ಹೋದದ್ದು ಒಂದೇ ನೀರು. ಅದಕ್ಕೇ ಇಲ್ಲಿ ಕಂಪನಿಯ ಹೆಸರು ಬರೆಯುತ್ತಿಲ್ಲ. ವ್ಯತ್ಯಾಸ ಇದ್ದದ್ದು ನಾವು ನೋಡಿಕೊಂಡ ರೀತಿಯಲ್ಲಿ ಮಾತ್ರ.

ಮೊದಲನೆಯದನ್ನು 2013ರಲ್ಲಿ ಬಾತ್‌ರೂಮಿನ ಫಾಲ್ಸ್ ಸೀಲಿಂಗ್ ಮೇಲೆ ಕೂರಿಸಿದ್ದೆವು. ಕಣ್ಣಿಗೆ ಕಾಣದೆ ಚೆಂದ ಇರುತ್ತದೆ ಅಂತ. ಕಣ್ಣಿಗೆ ಕಾಣದ್ದು ನೆನಪಿಗೂ ಬರಲಿಲ್ಲ. ಒಂದು ದಿನ ಸೀಲಿಂಗ್ ಮೇಲೆ ಕಂದು ಬಣ್ಣದ ಕಲೆ ಕಂಡಿತು. ವಾರದೊಳಗೆ ಅದು ತಟ್ಟೆಯಷ್ಟು ಅಗಲವಾಯಿತು. ರಿಪೇರಿಗೆ ಬಂದ ಹುಡುಗ ವಿಜಯಪುರದ ಇಂಡಿ ಕಡೆಯವನು. ನಮ್ಮ ಬಾಗಿಲ ಮೇಲಿನ ಕನ್ನಡ ಹೆಸರು ಓದಿ ಕನ್ನಡದಲ್ಲೇ ಮಾತಿಗಿಳಿದ.

"ಟಾಕಿ ತೂತು ಬಿದ್ದದರೀ ಅಕ್ಕಾರ. ಇದಕ್ಕ ಬೆಸುಗಿ ಹತ್ತಂಗಿಲ್ಲ. ರಾಡ್ ಯಾವಾಗ ಬದಲಿ ಮಾಡಿಸಿದ್ರಿ?"

ಯಾವ ರಾಡ್ ಅಂತಲೇ ನನಗೆ ಗೊತ್ತಿರಲಿಲ್ಲ. ಅವನು ಕೆಳಗಿನ ಫ್ಲ್ಯಾಂಜ್, ಅಂದರೆ ಟಾಕಿಯ ತಳದ ಮುಚ್ಚಳ, ಬಿಚ್ಚಿ ರಾಡನ್ನು ನನ್ನ ಕೈಗೇ ಕೊಟ್ಟ. ಊದುಬತ್ತಿ ಕಡ್ಡಿಯಷ್ಟು ತೆಳ್ಳಗಿನ ಕಬ್ಬಿಣದ ತಂತಿ. ಅದರ ಬುಡದಲ್ಲಿ ಕಡಲೆಕಾಳಿನಷ್ಟು ಬೂದು ಬಣ್ಣದ ಗಂಟು. "ಹೊಸಾದು ನನ್ನ ಹೆಬ್ಬೆರಳಷ್ಟು ದಪ್ಪ ಇರ್ತದರಿ," ಅಂದ.

ಅದು ಆನೋಡ್ ರಾಡ್. ಮೆಗ್ನೀಸಿಯಂನದು. ಟಾಕಿಯ ಒಳಗಿನ ಗಾಜಿನ ಲೇಪನದಲ್ಲಿ ಎಲ್ಲೋ ಒಂದಿಷ್ಟು ಸಣ್ಣ ಬಿರುಕು ಇದ್ದೇ ಇರುತ್ತದೆ. ಅಲ್ಲಿ ನೀರು ಉಕ್ಕನ್ನು ಮುಟ್ಟಿ ತುಕ್ಕು ಹಿಡಿಸಬೇಕು. ಮೆಗ್ನೀಸಿಯಂ ಜೊತೆಗಿದ್ದರೆ ಮೊದಲು ಸವೆಯುವುದು ಅದು, ಉಕ್ಕು ಉಳಿಯುತ್ತದೆ. ರಾಡ್ ಮುಗಿದ ಮೇಲೆ ನೀರಿನ ಕಣ್ಣು ಟಾಕಿಯ ಮೇಲೆ. ಇಷ್ಟು ಸಣ್ಣ ವಿಷಯವನ್ನು ಗೀಸರ್ ಕೊಳ್ಳುವಾಗ ಯಾರೂ ಹೇಳುವುದಿಲ್ಲ. ವಾರಂಟಿ ಕಾರ್ಡಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿತ್ತು, ನಾನೇ ಓದಿರಲಿಲ್ಲ.

ನೀರಿನ ಬಗ್ಗೆ ಒಂದಿಷ್ಟು ಹೇಳಲೇಬೇಕು. ಪವನಾ ನದಿಯ ನಲ್ಲಿ ನೀರು ಮೆತ್ತಗಿನದು, ಸೋಪು ಚೆನ್ನಾಗಿ ನೊರೆ ಬರುತ್ತದೆ. ಆದರೆ ಅದು ಮೊದಲಿನಿಂದಲೂ ಸಾಲುತ್ತಿರಲಿಲ್ಲ, 2019ರ ಕೊನೆಯಿಂದಂತೂ ನಮ್ಮ ಕಡೆ ದಿನ ಬಿಟ್ಟು ದಿನ ಬರತೊಡಗಿತು. ಉಳಿದದ್ದನ್ನು ಬೋರ್‌ವೆಲ್ ಮತ್ತು ಟ್ಯಾಂಕರ್ ತುಂಬುತ್ತವೆ. ಏಪ್ರಿಲ್, ಮೇ ತಿಂಗಳಲ್ಲಂತೂ ಟ್ಯಾಂಕರ್‌ದೇ ಜಾಸ್ತಿ. ಒಂದು ಬೇಸಿಗೆಯಲ್ಲಿ ನಮ್ಮ ಸೊಸೈಟಿ ನೀರನ್ನು ಲ್ಯಾಬಿಗೆ ಕೊಟ್ಟಾಗ ಗಡಸುತನ, ಅಂದರೆ ಕರಗಿದ ಸುಣ್ಣದಂಥ ಲವಣ, ಲೀಟರಿಗೆ 480 ಮಿಲಿಗ್ರಾಂ ಬಂತು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ 200 ಒಳ್ಳೆಯದು, ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಅಂದರೆ ಕುಡಿದರೆ ಅಪಾಯವಿಲ್ಲದ ನೀರು, ಗೀಸರಿಗೆ ಮಾತ್ರ ಶತ್ರು. ಅಗ್ಗದ ಟಿಡಿಎಸ್ ಮೀಟರ್ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ. ಅದು ಕರಗಿದ್ದನ್ನೆಲ್ಲ ಒಟ್ಟಿಗೆ ತೋರಿಸುತ್ತದೆ, ಸುಣ್ಣ ಎಷ್ಟು ಅಂತ ಬೇರೆ ಮಾಡಿ ಹೇಳುವುದಿಲ್ಲ.

ಇಂಥ ನೀರು ಕಾದಾಗ ಅದರಲ್ಲಿರುವ ಸುಣ್ಣ ಬೇರೆಯಾಗಿ ನೀರು ಕಾಯಿಸುವ ಕಾಯಿಲ್‌ಗೆ ಅಂಟುತ್ತದೆ. ಕಾವು ಹೆಚ್ಚಿದಷ್ಟೂ ಬೇಗ ಅಂಟುತ್ತದೆ. ಅದಕ್ಕೇ ಎರಡನೆಯ ಗೀಸರ್ ಬಂದ ದಿನವೇ ಥರ್ಮೋಸ್ಟ್ಯಾಟ್ ಅನ್ನು 75 ಡಿಗ್ರಿಯಿಂದ 60ಕ್ಕೆ ಇಳಿಸಿದೆ. ಡಿಸೆಂಬರ್ ಚಳಿಯಲ್ಲೂ ನಮ್ಮ ಅತ್ತೆಯ ಮೊಣಕಾಲು ನೋವಿಗೆ ಅಷ್ಟು ಬಿಸಿ ಧಾರಾಳ ಸಾಕು.

ಪ್ರತಿ ವರ್ಷ ದೀಪಾವಳಿಗೆ ಮುಂಚೆ ಗೀಸರ್ ಬಿಚ್ಚುವುದು ಈಗ ಮನೆಯ ರೂಢಿ. ಅಭ್ಯಂಗಕ್ಕೆ ಬಿಸಿನೀರು ಬೇಕಲ್ವಾ, ಹಾಗಾಗಿ ಮರೆಯುವುದಿಲ್ಲ. ನಮ್ಮ ಧಾರವಾಡದ ಮನೆಯಲ್ಲೂ ನೀರು ತುಂಬುವ ಹಬ್ಬಕ್ಕೆ ಹಂಡೆ ತಿಕ್ಕಿ ಬೆಳಗುತ್ತಿದ್ದೆವು. ಹಂಡೆಯನ್ನು ತಿಕ್ಕಿದವರು ಗೀಸರನ್ನು ಏಕೆ ಹಾಗೇ ಬಿಡಬೇಕು?

ಮೊದಲು ಎಂಸಿಬಿ ಇಳಿಸುತ್ತೇವೆ. ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು. ನೀರು ತಣ್ಣಗಾಗಲು ಬಿಟ್ಟು, ತಣ್ಣೀರು ಬರುವ ವಾಲ್ವ್ ಮುಚ್ಚಿ, ಬಿಸಿನೀರಿನ ನಲ್ಲಿ ತೆರೆದು, ಕೆಳಗಿನ ಪೈಪ್ ಬಿಚ್ಚಿದರೆ ಟಾಕಿ ಖಾಲಿಯಾಗುತ್ತದೆ. ಬಿಸಿನೀರಿನ ನಲ್ಲಿ ತೆರೆಯದಿದ್ದರೆ ಒಳಗೆ ಗಾಳಿ ಹೋಗದೆ ನೀರು ಇಳಿಯುವುದೇ ಇಲ್ಲ. ಕೊನೆಯ ಎರಡು ಲೀಟರ್ ನೀರು ಸುಣ್ಣದ ತಿಳಿಯಂತೆ ಬೆಳ್ಳಗೆ ಬರುತ್ತದೆ. ಫ್ಲ್ಯಾಂಜ್ ಇಳಿಸಿದಾಗ ಬಕೆಟ್ಟಿಗೆ ಟಪಟಪ ಅಂತ ಚಕ್ಕೆ ಉದುರುತ್ತವೆ. ಮೊಟ್ಟೆ ಚಿಪ್ಪು ಒಡೆದು ಹಾಕಿದಂತೆ ಕಾಣುತ್ತವೆ, ಒಳಮೈ ನಯ, ಹೊರಮೈ ಒರಟು. 2019ರಲ್ಲಿ ಒಮ್ಮೆ ಅಳೆದಿದ್ದೆ. ಒಂದೇ ವರ್ಷದ್ದು ಎರಡು ಪಾವು.

ಕಾಯಿಲನ್ನು ನಿಂಬೆ ಉಪ್ಪು ಕರಗಿಸಿದ ಬಿಸಿನೀರಿನಲ್ಲಿ ಒಂದೆರಡು ಗಂಟೆ ನೆನೆಸಿಡುತ್ತೇವೆ. ವೈರಿನ ತಲೆ ಒದ್ದೆಯಾಗಬಾರದು. ಸಣ್ಣ ಸಣ್ಣ ಗುಳ್ಳೆ ಎದ್ದು ಸುಣ್ಣ ತಾನೇ ಬಿಡುತ್ತದೆ. ಚಾಕು, ಸ್ಕ್ರೂಡ್ರೈವರ್ ಹಾಕಿ ಕೆರೆಯಬೇಡಿ. ಬಾತ್‌ರೂಮ್ ತೊಳೆಯುವ ಆಸಿಡ್ಡನ್ನು ಟಾಕಿಯ ಹತ್ತಿರವೂ ತರಬೇಡಿ, ಅದು ಲೋಹವನ್ನೇ ತಿನ್ನುತ್ತದೆ. ಆಮೇಲೆ ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚಬೇಕು. ಹಳೆಯದನ್ನೇ ಹಾಕಿದ ವರ್ಷ ರಾತ್ರಿಯಿಡೀ ಹನಿ ಬಿತ್ತು. ಕೊನೆಗೆ, ಬಿಸಿನೀರಿನ ನಲ್ಲಿಯಲ್ಲಿ ಗಾಳಿ ಉಗುಳದೆ ಒಂದೇ ಸಮ ನೀರು ಬರುವವರೆಗೂ ಕರೆಂಟ್ ಕೊಡಬಾರದು. ಖಾಲಿ ಟಾಕಿಯಲ್ಲಿ ಕಾಯಿಲ್ ಸುಡಲು ಕೆಲವೇ ನಿಮಿಷ ಸಾಕು.

ಎಂಟು ವರ್ಷದಲ್ಲಿ ತೊಂದರೆ ಬರಲೇ ಇಲ್ಲ ಅಂತಲ್ಲ. ಲಾಕ್‌ಡೌನ್ ವರ್ಷ ಯಾರೂ ಬರದೆ ಸ್ವಚ್ಛ ಮಾಡುವುದು ತಪ್ಪಿತು. 2021ರ ಆರಂಭದಲ್ಲಿ ಒಳಗಿನಿಂದ ಜೋಳದ ಅರಳು ಸಿಡಿದಂತೆ ಸದ್ದು ಶುರುವಾಯಿತು. ಸುಣ್ಣದ ಪದರದ ಕೆಳಗೆ ಸಿಕ್ಕಿಬಿದ್ದ ನೀರು ಕುದಿದು ಸಿಡಿಯುವ ಸದ್ದು ಅದು. ನಾನು ನಿರ್ಲಕ್ಷ್ಯ ಮಾಡಿದೆ. ಹದಿನೈದು ದಿನಕ್ಕೆ, ಗೀಸರ್ ಹಾಕಿದ ಕೂಡಲೇ ಮನೆಯ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಬೀಳತೊಡಗಿತು. ಇಂಡಿಯ ಹುಡುಗ ಬಂದು ಮಲ್ಟಿಮೀಟರ್ ಹಿಡಿದ. 2000 ವ್ಯಾಟ್ ಕಾಯಿಲ್ ಸುಮಾರು 26 ಓಮ್ ತೋರಿಸಬೇಕು, ತೋರಿಸಿತು. ಆದರೆ ಕಾಯಿಲ್‌ನ ಟರ್ಮಿನಲ್‌ನಿಂದ ಹೊರಕವಚಕ್ಕೆ ಹಿಡಿದಾಗಲೂ ಮುಳ್ಳು ಆಡಿತು. ಕವಚ ಬಿರುಕು ಬಿಟ್ಟು ನೀರಿಗೆ ಕರೆಂಟ್ ಸೋರುತ್ತಿತ್ತು. ಆರ್‌ಸಿಸಿಬಿ ಇಲ್ಲದಿದ್ದರೆ, ಅರ್ಥಿಂಗ್ ಸರಿ ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಇವತ್ತಿಗೂ ಎದೆ ಝಲ್ಲೆನ್ನುತ್ತದೆ. ಅದು ಬಿದ್ದಾಗ ಮತ್ತೆ ಮತ್ತೆ ಎತ್ತಿ ನೋಡಬೇಡಿ. ಗೀಸರ್ ಪ್ಲಗ್ ಕಿತ್ತಿಟ್ಟು ರಿಪೇರಿಯವರನ್ನು ಕರೆಸಿ.

ಸುಣ್ಣ ಕಟ್ಟಿದರೆ ಬಿಲ್ ಡಬಲ್ ಆಗುತ್ತದೆ ಅಂತ ಹೇಳುವವರಿದ್ದಾರೆ. ನಮ್ಮ ಬಿಲ್ಲಿನಲ್ಲಿ ಅದು ಕಾಣಲಿಲ್ಲ. ಕಾಯಿಲ್ ನೀರಿನೊಳಗೇ ಇರುವುದರಿಂದ ಕಾವು ಕೊನೆಗೆ ನೀರಿಗೇ ಹೋಗುತ್ತದೆ. 20 ಡಿಗ್ರಿಯ 15 ಲೀಟರ್ ನೀರು 60 ಆಗಲು ಮುಕ್ಕಾಲು ಯೂನಿಟ್‌ಗಿಂತ ತುಸು ಕಡಿಮೆ ಬೇಕು, ಇಪ್ಪತ್ತು ಇಪ್ಪತ್ತೆರಡು ನಿಮಿಷ. ಸುಣ್ಣದ ಹೊದಿಕೆಯೊಳಗೆ ಬೆಂದು ಹಾಳಾಗುವುದು ಕಾಯಿಲ್. ಜೊತೆಗೆ ಥರ್ಮೋಸ್ಟ್ಯಾಟ್‌ನ ಸುತ್ತ ಸುಣ್ಣ ತುಂಬಿದರೆ ಅದು ಮೋಸ ಹೋಗಿ ನೀರು ಕಾಯುವ ಮುಂಚೆಯೇ ಕರೆಂಟ್ ಕಡಿದುಬಿಡುತ್ತದೆ. ಎರಡು ತಂಬಿಗೆಗೇ ನೀರು ತಣ್ಣಗಾದರೆ ಹೊಸ ಗೀಸರ್ ನೋಡುವ ಮುಂಚೆ ಒಳಗೆ ನೋಡಿಸಿ.

ಇನ್ನೊಮ್ಮೆ ಬೇಸಿಗೆ ರಜೆಗೆ ಮೂರು ವಾರ ಊರಿಗೆ ಹೋಗಿ ಬಂದಾಗ ಬಿಸಿನೀರು ಕೊಳೆತ ಮೊಟ್ಟೆಯಂತೆ ನಾತ ಹೊಡೆಯಿತು. ನಿಂತ ನೀರಿನ ಬ್ಯಾಕ್ಟೀರಿಯಾ ಮತ್ತು ಮೆಗ್ನೀಸಿಯಂ ಸೇರಿದರೆ ಹೀಗಾಗುತ್ತದೆ. ಟಾಕಿ ಖಾಲಿ ಮಾಡಿ, ಒಮ್ಮೆ ಪೂರ್ತಿ ಬಿಸಿಗೆ ಕಾಯಿಸಿ ಚೆಲ್ಲಿದೆ. ಹೋಯಿತು. ನಾತ ಬಂತೆಂದು ರಾಡನ್ನೇ ತೆಗೆಸಿ ಎಸೆಯಬೇಡಿ.

ಸೇಫ್ಟಿ ವಾಲ್ವ್ ಬಗ್ಗೆ ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇನೆ. ನೀರು ಕಾಯುವಾಗ ಹಿಗ್ಗುತ್ತದೆ, ಆಗ ವಾಲ್ವ್‌ನಿಂದ ನಾಲ್ಕಾರು ಹನಿ ಬೀಳುವುದು ಸಹಜ. ನಮ್ಮ ಮೇಲಿನ ಮನೆಯ ಕಾಕಾ ಆ ಹನಿ ತಡೆಯಲು ಮರದ ಬೆಣೆ ಹೊಡೆದಿದ್ದರು! ಅವರಿಗೆ ಕೈ ಮುಗಿದು ಹೇಳಿ ಅದೇ ಸಂಜೆ ತೆಗೆಸಿದೆ. ಥರ್ಮೋಸ್ಟ್ಯಾಟ್ ಕೆಟ್ಟು ನೀರು ಕುದಿಯತೊಡಗಿದರೆ ಒತ್ತಡ ಹೊರಬರಲು ಇರುವ ದಾರಿ ಅದು. ಒಂದೇ ಸಮ ಸೋರುತ್ತಿದ್ದರೆ ಹೊಸ ವಾಲ್ವ್ ಹಾಕಿಸಿ, ಮುಚ್ಚಬೇಡಿ.

ಪ್ಲಗ್ ಬಿಸಿಯಾಗುತ್ತದೆಯೇ ಅಂತಲೂ ನೋಡಿ. ಹತ್ತಿರ ಹತ್ತಿರ 9 ಆಂಪಿಯರ್ ಎಳೆಯುವ ಯಂತ್ರ ಇದು. ನಮ್ಮ 16 ಆಂಪಿಯರ್ ಸಾಕೆಟ್‌ನ ಒಂದು ತೂತು ಸಡಿಲವಾಗಿ ಸುತ್ತ ಚಹಾ ಕಲೆಯಂತೆ ಕಂದಾಗಿತ್ತು. ಎರಡನ್ನೂ ಬದಲಿಸಿದೆವು.

ಇಷ್ಟು ವರ್ಷದಲ್ಲಿ ಖರ್ಚಾದದ್ದು ಮೂರು ಆನೋಡ್, ಒಂದು ಕಾಯಿಲ್, ಒಂದು ಥರ್ಮೋಸ್ಟ್ಯಾಟ್, ವರ್ಷಕ್ಕೊಂದು ಗ್ಯಾಸ್ಕೆಟ್. ಬಿಡಿಭಾಗಗಳನ್ನು ಬುಧವಾರ ಪೇಠದ ತಪ್ಕೀರ್ ಗಲ್ಲಿಯಿಂದ ನಾನೇ ತರುತ್ತೇನೆ, ಹಳೆಯದನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಅಳತೆ ನೋಡಿ. ಮಜೂರಿ ಸೇರಿಸಿದರೂ ಹೊಸ ಗೀಸರಿನ ಅರ್ಧ ಬೆಲೆ ದಾಟಿಲ್ಲ. ಹೊಸದು ಕೊಳ್ಳುವವರು ಅಂಗಡಿಯಲ್ಲಿ ಒಂದೇ ಪ್ರಶ್ನೆ ಕೇಳಿ: ಇದರ ಆನೋಡ್ ರಾಡ್ ಬಿಡಿಯಾಗಿ ಸಿಗುತ್ತದೆಯೇ? ಗೋಡೆಗೆ ಹಾಕಿಸುವಾಗ ಕೆಳಗೆ ಕಾಯಿಲ್ ಇಳಿಸುವಷ್ಟು ಜಾಗ ಬಿಡಿಸಿ. ಫಾಲ್ಸ್ ಸೀಲಿಂಗ್ ಮೇಲೆ ದಯವಿಟ್ಟು ಬೇಡ.

ಈ ಅಕ್ಟೋಬರ್‌ನಲ್ಲಿ ತೆಗೆದಾಗ ರಾಡ್ ಇನ್ನೂ ಅರ್ಧ ಉಳಿದಿತ್ತು, ಮೈತುಂಬ ಗುಳಿ ಬಿದ್ದಿದ್ದರೂ ಗಟ್ಟಿಯಾಗಿತ್ತು. ಅದನ್ನೇ ತೊಳೆದು ವಾಪಸ್ ಹಾಕಿದೆವು.