ವಿಸಿವಿ ರ‍್ಯಾಕ್ ಲೈಬ್ರರಿ: ಮಾಡ್ಯೂಲ್ ಸಾವಿರಾರು, ಕೈಪಿಡಿ ಎಷ್ಟಕ್ಕಿದೆ?

ವಿಸಿವಿ ರ‍್ಯಾಕ್ ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಯೂರೋರ‍್ಯಾಕ್ ಅನ್ನುವ, ಬಿಡಿ ಘಟಕಗಳನ್ನು (ಮಾಡ್ಯೂಲ್) ಜೋಡಿಸಿ ಧ್ವನಿ ಹುಟ್ಟಿಸುವ ಮಾಡ್ಯುಲರ್ ಸಿಂಥಸೈಜರ್‌ಗಳನ್ನು ಕಂಪ್ಯೂಟರ್ ಒಳಗೇ ಕಟ್ಟಿಕೊಳ್ಳಲು ಬಿಡುವ ಸಾಫ್ಟ್‌ವೇರ್ ಇದು. 2017ರಲ್ಲಿ ಬಂತು, ಎರಡನೇ ಆವೃತ್ತಿ 2021ರಲ್ಲಿ. ಮೂಲ ಪ್ರೋಗ್ರಾಂ ಉಚಿತ, ಸೋರ್ಸ್ ಕೋಡ್ ಕೂಡ ಎಲ್ಲರಿಗೂ ತೆರೆದಿದೆ. ಧ್ವನಿ ಹುಟ್ಟಿಸುವ ಆಸಿಲೇಟರ್, ಅದನ್ನು ಸೋಸುವ ಫಿಲ್ಟರ್, ಸದ್ದಿನ ಏರಿಳಿತಕ್ಕೆ ಆಕಾರ ಕೊಡುವ ಎನ್ವಲಪ್ ಎಲ್ಲ ಬೇರೆ ಬೇರೆ ಮಾಡ್ಯೂಲ್. ಕೇಬಲ್ ಎಳೆದು ನಾವೇ ಜೋಡಿಸಬೇಕು. ಇದರ ಆನ್‌ಲೈನ್ ಲೈಬ್ರರಿಯಲ್ಲಿ ಇಂಥವು ಸಾವಿರಾರು ಇವೆ, ಬಹುಪಾಲು ಹೊರಗಿನ ಡೆವಲಪರ್‌ಗಳು ಮಾಡಿ ಸೇರಿಸಿದವು.

ನಾನು ಈ ಮಾಡ್ಯೂಲ್‌ಗಳಿಗೆ ಬಿಡುವಿನಲ್ಲಿ ಡಾಕ್ಯುಮೆಂಟೇಶನ್ ಬರೆಯುವವನು. ಡೆವಲಪರ್ ಬರೆಯದೆ ಬಿಟ್ಟದ್ದನ್ನು ಬಳಸುವವರೇ ಸೇರಿ ಬರೆಯುವ ಕೆಲಸ. ಹಾಗಾಗಿ ಹೊಸ ಮಾಡ್ಯೂಲ್ ಸಿಕ್ಕಿದರೆ ನಾನು ಮೊದಲು ಹುಡುಕುವುದು ಅದರ ಕೈಪಿಡಿ. ಈ ವಿಮರ್ಶೆಯೂ ಆ ಕಣ್ಣಿನಿಂದಲೇ ಬರೆದದ್ದು.

ಲೈಬ್ರರಿಯಲ್ಲಿ ಪ್ರತಿ ಮಾಡ್ಯೂಲ್‌ಗೂ ಒಂದು ಸಣ್ಣ ವಿವರಣೆ, ಕೆಲವು ಟ್ಯಾಗ್, ಕೈಪಿಡಿಗೆ ಒಂದು ಲಿಂಕ್ ಹಾಕಲು ಜಾಗ ಇದೆ. ಎರಡನೇ ಆವೃತ್ತಿಯಲ್ಲಿ ಪೋರ್ಟ್ (ಕೇಬಲ್ ಸಿಕ್ಕಿಸುವ ತೂತು) ಮೇಲೆ ಮೌಸ್ ಇಟ್ಟರೆ ಅದರ ಹೆಸರೂ ಅಲ್ಲಿ ಈಗ ಹರಿಯುತ್ತಿರುವ ವೋಲ್ಟೇಜ್ ಕೂಡ ಕಾಣುತ್ತದೆ. ಬರೆಯುವವರಿಗೆ ಇದು ದೊಡ್ಡ ಉಪಕಾರ. ಆದರೆ ಕೈಪಿಡಿ ಬರೆಯುವುದು ಡೆವಲಪರ್‌ಗೆ ಬಿಟ್ಟದ್ದು. ಕೆಲವರು ಪುಟಗಟ್ಟಲೆ ಬರೆಯುತ್ತಾರೆ, ಕೆಲವರು ಒಂದು ಸಾಲೂ ಬರೆಯುವುದಿಲ್ಲ.

ಕೈಪಿಡಿಯಲ್ಲಿ ನನಗೆ ಬೇಕಾದ ಮೊದಲ ವಿಷಯ ವೋಲ್ಟೇಜ್. ರ‍್ಯಾಕ್‌ನಲ್ಲಿ ಎಲ್ಲ ಕೇಬಲ್‌ನಲ್ಲೂ ಹರಿಯುವುದು ಅದೇ ಅಲ್ವಾ. ಧ್ವನಿಯ ಸಿಗ್ನಲ್ ಮೈನಸ್ 5ರಿಂದ ಪ್ಲಸ್ 5 ವೋಲ್ಟ್, ಎನ್ವಲಪ್ 0ಯಿಂದ 10, ಗೇಟ್ (ಸ್ವರ ಶುರು, ನಿಲ್ಲು ಅನ್ನುವ ಸಂಕೇತ) 10, ಸ್ವರದ ಏರಿಳಿತಕ್ಕೆ ಒಂದು ಆಕ್ಟೇವ್‌ಗೆ 1 ವೋಲ್ಟ್. ರ‍್ಯಾಕ್‌ನ ಸ್ವಂತ ಕೈಪಿಡಿ ಇದನ್ನೆಲ್ಲ ಅಚ್ಚುಕಟ್ಟಾಗಿ ಹೇಳುತ್ತದೆ. ಈ ಪುಟಕ್ಕೆ ನನ್ನ ಪೂರ್ತಿ ಅಂಕ. ಆದರೆ ಇದು ಶಿಫಾರಸು ಅಷ್ಟೆ, ಎಲ್ಲರೂ ಪಾಲಿಸಲೇಬೇಕು ಅಂತಿಲ್ಲ. ಈಚೆಗೆ ಕೈಪಿಡಿಯೇ ಇಲ್ಲದ ಒಂದು ಎನ್ವಲಪ್ ಮಾಡ್ಯೂಲ್ ನನ್ನ ಪಾಲಿಗೆ ಬಂತು. ಅದರ ಔಟ್‌ಪುಟ್‌ಗೆ ಸ್ಕೋಪ್ (ವೋಲ್ಟೇಜನ್ನು ಗೆರೆಯಾಗಿ ತೋರಿಸುವ ಮಾಡ್ಯೂಲ್) ಹಚ್ಚಿ ನೋಡಿದೆ. ತುದಿ 8 ವೋಲ್ಟ್‌ಗೇ ನಿಂತಿತ್ತು. ಇದನ್ನು ಹಾಗೇ ವಿಸಿಎಗೆ (ವೋಲ್ಟೇಜ್‌ಗೆ ತಕ್ಕಂತೆ ಸದ್ದು ಏರಿಸಿ ಇಳಿಸುವ ಮಾಡ್ಯೂಲ್‌ಗೆ) ಕೊಟ್ಟರೆ ಸದ್ದು ಪೂರ್ತಿ ಏರುವುದಿಲ್ಲ. ಬಳಸುವವರು ಸುಮ್ನೆ ಬೇರೆ ಮಾಡ್ಯೂಲ್‌ಗಳ ನಾಬ್ ತಿರುಗಿಸುತ್ತಾ ಕೂರುತ್ತಾರೆ. ನಾನು ಬರೆದದ್ದು ಇಷ್ಟೇ: ‘ಔಟ್‌ಪುಟ್ 0ಯಿಂದ 8 ವೋಲ್ಟ್. ಪೂರ್ತಿ ಬೇಕಾದರೆ ಮುಂದೆ 1.25 ಪಟ್ಟು ಹೆಚ್ಚಿಸಿ.’

ಇನ್ನೊಂದು ಜಾಗ ಸೀಕ್ವೆನ್ಸರ್‌ಗಳದ್ದು, ಅಂದರೆ ಸ್ವರಗಳನ್ನು ಹೆಜ್ಜೆ ಹೆಜ್ಜೆಯಾಗಿ ನುಡಿಸುವ ಮಾಡ್ಯೂಲ್‌ಗಳದ್ದು. ರ‍್ಯಾಕ್‌ನಲ್ಲಿ ಪ್ರತಿ ಕೇಬಲ್ ಒಂದು ಸ್ಯಾಂಪಲ್‌ನಷ್ಟು (ಸಿಗ್ನಲ್‌ನ ಒಂದು ಅಳತೆಯಷ್ಟು) ತಡ ಮಾಡುತ್ತದೆ. ಸೆಕೆಂಡಿಗೆ 48,000 ಸ್ಯಾಂಪಲ್ ಇದ್ದಾಗ ಅದು ಸುಮಾರು 21 ಮೈಕ್ರೋಸೆಕೆಂಡ್. ಕಿವಿಗೆ ಗೊತ್ತಾಗುವ ಮಾತೇ ಇಲ್ಲ. ಆದರೆ ಹೆಜ್ಜೆ ಮುಂದಿಡಿಸುವ ಕ್ಲಾಕ್ ಸಿಗ್ನಲ್ ಒಂದು ಮಾಡ್ಯೂಲ್ ಸುತ್ತಿ ಬಂದು, ರೀಸೆಟ್ ನೇರ ಬಂತು ಅಂದುಕೊಳ್ಳಿ. ರೀಸೆಟ್ ಮೊದಲು ತಲುಪಿ ಸೀಕ್ವೆನ್ಸರ್ ಮೊದಲ ಹೆಜ್ಜೆಗೆ ಬರುತ್ತದೆ. ಮರುಕ್ಷಣ ಕ್ಲಾಕ್ ಬಂದು ಎರಡಕ್ಕೆ ತಳ್ಳುತ್ತದೆ. ಮೊದಲ ಸ್ವರ ಮಾಯ! ಅದಕ್ಕೇ ರೀಸೆಟ್ ಬಂದ ಮೇಲೆ 1 ಮಿಲಿಸೆಕೆಂಡ್ ಕ್ಲಾಕ್ ಕಡೆ ನೋಡಬೇಡಿ ಅಂತ ರ‍್ಯಾಕ್ ಡೆವಲಪರ್‌ಗಳಿಗೆ ಹೇಳುತ್ತದೆ. ಒಂದು ಸೀಕ್ವೆನ್ಸರ್ ಇದನ್ನು ಪಾಲಿಸುತ್ತದೋ ಇಲ್ಲವೋ ಅನ್ನುವುದು ಕೈಪಿಡಿಯಲ್ಲಿ ಇರಲೇಬೇಕು. ಇರುವುದು ಅಪರೂಪ. ಈ ಒಂದು ಸಾಲಿಗಾಗಿ ನಾನು ಸೀಕ್ವೆನ್ಸರ್‌ಗಳನ್ನು ಹಿಡಿದು ಪರೀಕ್ಷೆ ಮಾಡುತ್ತೇನೆ, ಬೇಸರವಿಲ್ಲದೆ.

ಪಾಲಿಫೋನಿ, ಅಂದರೆ ಒಟ್ಟಿಗೇ ಹಲವು ಸ್ವರ ನುಡಿಸುವುದರ ಬಗ್ಗೆಯೂ ಹೀಗೇ. ಒಂದು ಕೇಬಲ್‌ನಲ್ಲಿ 16 ಚಾನೆಲ್ ಹೋಗಬಹುದು. ಒಂದೇ ಚಾನೆಲ್ ಗೊತ್ತಿರುವ ಮಾಡ್ಯೂಲ್‌ಗೆ ಅಂಥ ಕೇಬಲ್ ಹಾಕಿದರೆ ಅದು ಎಲ್ಲವನ್ನೂ ಕೂಡಿಸುತ್ತದೋ, ಮೊದಲನೆಯದನ್ನು ಮಾತ್ರ ತೆಗೆದುಕೊಳ್ಳುತ್ತದೋ? ಒಂದು ವಾಕ್ಯ ಸಾಕು.

ಚೆನ್ನಾಗಿ ಬರೆದವರನ್ನು ಹೆಸರು ಹಿಡಿದೇ ಹೇಳಬೇಕು. ಬೊಗಾಡಿಯೋ ಸಂಗ್ರಹದ ಟಿಪ್ಪಣಿಗಳು ನನಗೆ ಮಾದರಿ. ಮಾಡ್ಯೂಲ್ ಏನು ಮಾಡುತ್ತದೆ, ಯಾವ ಪೋರ್ಟ್ ಏನು ತೆಗೆದುಕೊಳ್ಳುತ್ತದೆ, ಮುಗಿಯಿತು. ಒಂದು ಪದ ಜಾಸ್ತಿ ಇಲ್ಲ. ಇಂಪ್ರಾಂಪ್ಟು ಮಾಡ್ಯುಲರ್‌ನ ಸೀಕ್ವೆನ್ಸರ್‌ಗಳು ತುಂಬ ಜಟಿಲ, ಆದರೂ ಕೈಪಿಡಿ ಕೈ ಹಿಡಿದು ನಡೆಸುತ್ತದೆ.

ಆಡಿಬಲ್ ಇನ್‌ಸ್ಟ್ರುಮೆಂಟ್ಸ್ ಸಂಗ್ರಹದ ಕಥೆ ಬೇರೆ. ಇವು ಎಮಿಲಿ ಜಿಲೆ ಅವರ ಮ್ಯೂಟಬಲ್ ಇನ್‌ಸ್ಟ್ರುಮೆಂಟ್ಸ್ ಹಾರ್ಡ್‌ವೇರ್‌ನ ತೆರೆದ ಕೋಡ್‌ನಿಂದ ಬಂದವು. ಆ ಹಾರ್ಡ್‌ವೇರ್ ಕೈಪಿಡಿಗಳು ಬಹಳ ಚೆಂದ. ಆದರೆ ಹಾರ್ಡ್‌ವೇರ್‌ನಲ್ಲಿ ‘ಪ್ಲೇಟ್ಸ್’ ಆಗಿದ್ದದ್ದು ಇಲ್ಲಿ ‘ಮ್ಯಾಕ್ರೋ ಆಸಿಲೇಟರ್ 2’, ‘ಕ್ಲೌಡ್ಸ್’ ಆಗಿದ್ದದ್ದು ‘ಟೆಕ್ಸ್‌ಚರ್ ಸಿಂಥಸೈಜರ್’. ಹೊಸಬರು ಹಳೆ ಹೆಸರು ಹಾಕಿ ಹುಡುಕಿ ಸುಸ್ತಾಗುತ್ತಾರೆ. ಇಲ್ಲಿ ಬಳಸುವವರು ಬರೆದ ಟಿಪ್ಪಣಿ ನಿಜಕ್ಕೂ ದಾರಿ ತೋರಿಸುತ್ತದೆ.

ಒಂದು ವಿಷಯದಲ್ಲಿ ಮಾತ್ರ ನನಗೆ ಪ್ಯೂರ್ ಡೇಟಾ (ಆಬ್ಜೆಕ್ಟ್ ಎಂಬ ಚೌಕಗಳನ್ನು ಗೆರೆಯಿಂದ ಜೋಡಿಸಿ ಧ್ವನಿ ಕಟ್ಟುವ ಇನ್ನೊಂದು ಸಾಫ್ಟ್‌ವೇರ್) ಕಂಡರೆ ಆಸೆ. ಅಲ್ಲಿ ಒಂದು ಆಬ್ಜೆಕ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ ಹೆಲ್ಪ್ ಒತ್ತಿದರೆ ತೆರೆಯುವುದು ಕೆಲಸ ಮಾಡುವ ಒಂದು ಪ್ಯಾಚ್, ಅಂದರೆ ಜೋಡಿಸಿಟ್ಟ ಸಣ್ಣ ಉದಾಹರಣೆ. ಅಂಕಿ ಬದಲಿಸಿ ಕೇಳಬಹುದು, ಬೇಕಾದ ತುಂಡನ್ನು ನಮ್ಮ ಪ್ಯಾಚ್‌ಗೆ ಎತ್ತಿಕೊಳ್ಳಬಹುದು. ರ‍್ಯಾಕ್‌ನಲ್ಲಿ ಲಿಂಕ್ ತೆರೆದರೆ ಹೆಚ್ಚಾಗಿ ಸಿಗುವುದು ಪಠ್ಯ, ಚಿತ್ರ. ಆದರೆ ಎರಡನೇ ಆವೃತ್ತಿಯಲ್ಲಿ ಕೆಲವೇ ಮಾಡ್ಯೂಲ್ ಆಯ್ದು, ಅವುಗಳ ಕೇಬಲ್ ಸಮೇತ ಒಂದು ಫೈಲ್ ಮಾಡಿ ಉಳಿಸಬಹುದು. ಈಗ ನನ್ನ ಪ್ರತಿ ಟಿಪ್ಪಣಿಯ ಜೊತೆ ಅಂಥ ಒಂದು ಸಣ್ಣ ಫೈಲ್ ಇಡುತ್ತೇನೆ: ಕ್ಲಾಕ್, ಆ ಮಾಡ್ಯೂಲ್, ಸ್ಕೋಪ್. ಓದುವವರು ಅದನ್ನು ತೆರೆದು, ನಾನು ಬರೆದದ್ದು ಸರಿಯೋ ಅಂತ ತಾವೇ ನೋಡಿಕೊಳ್ಳಬಹುದು.

ಲೈಬ್ರರಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಹೊಸದಾಗಿ ಬರುವವರು ವಿಸಿವಿಯದ್ದೇ ಮೂಲ ಮಾಡ್ಯೂಲ್‌ಗಳ ಫಂಡಮೆಂಟಲ್ ಸಂಗ್ರಹದಿಂದ ಶುರು ಮಾಡಿ, ಆಮೇಲೆ ಬೊಗಾಡಿಯೋಗೆ ಹೋಗಿ. ಟಿಪ್ಪಣಿ ಬರೆಯುವ ಮನಸ್ಸಿದ್ದರೆ ಮೇಲ್ಗಡೆಯೇ ಪ್ಲಗಿನ್‌ನ (ಆ ಮಾಡ್ಯೂಲ್ ಇರುವ ಸಂಗ್ರಹದ) ಆವೃತ್ತಿ ಸಂಖ್ಯೆ ಹಾಕಿ. ಮುಂದಿನ ಅಪ್‌ಡೇಟ್‌ನಲ್ಲಿ ಆ 8 ವೋಲ್ಟ್ 10 ಆದರೂ ಆಗಬಹುದು.