ಚೈನು ಕಂಡರೆ ಕುಣಿಯುವ ಕೆಂಚನಿಗೆ ಮೂರು ಉಪಾಯ

ಕೆಂಚ ನಮ್ಮ ಬೀದಿಯಲ್ಲೇ ಹುಟ್ಟಿದ ನಾಡನಾಯಿ. ವಾಕಿಂಗಿಗೆ ಅಂತ ಮೊಳೆಯಿಂದ ಚೈನು ತೆಗೆದರೆ ಸಾಕು, ಗಿರಗಿರ ತಿರುಗುತ್ತಾನೆ, ಬೊಗಳುತ್ತಾನೆ. ಒಮ್ಮೆ ಎಗರಿ ನನ್ನ ಕನ್ನಡಕವನ್ನೇ ಬೀಳಿಸಿದ. ಮೂರು ಉಪಾಯ ಮಾಡಿ ನೋಡಿದೆ.

ಮೊದಲನೆಯದು ಎಲ್ಲರೂ ಹೇಳುವ ಬಿಸ್ಕತ್ತು. ‘ಕೂತ್ಕೋ’ ಅಂದರೆ ಕೂರುತ್ತಿದ್ದ. ಕೂತಿದ್ದು ಹೆಸರಿಗೆ ಅಷ್ಟೇ. ಕುಂಡಿ ನೆಲದಿಂದ ಒಂದಿಂಚು ಮೇಲೆ, ಬಾಲ ಪೊರಕೆ, ಬಾಯಲ್ಲಿ ಕುಂಯ್ ಕುಂಯ್. ಚೈನು ಹಾಕುವುದು ಸುಲಭವಾಯಿತು, ಗೇಟಿನಾಚೆ ಎಳೆದಾಟ ಹಾಗೇ ಉಳಿಯಿತು.

ಎರಡನೆಯದಕ್ಕೆ ತಾಳ್ಮೆ ಬೇಕು. ಎಗರಿದರೆ ಚೈನು ವಾಪಸ್ ಮೊಳೆಗೆ, ನಾನು ಕುರ್ಚಿಗೆ. ಬೈಯುವುದಿಲ್ಲ, ಮುಖ ನೋಡುವುದೂ ಇಲ್ಲ. ನಾಲ್ಕೂ ಕಾಲು ನೆಲದ ಮೇಲಿದ್ದರೆ ಮತ್ತೆ ಏಳುತ್ತೇನೆ. ಮೊದಲ ದಿನ ಗೇಟು ದಾಟಲು 35 ನಿಮಿಷ! ಮೂರನೇ ದಿನ ಇನ್ನೂ ಜಾಸ್ತಿ ಬೊಗಳಿದ. ಹಳೆಯ ಆಟ ನಡೆಯದಿದ್ದಾಗ ನಾಯಿಗಳು ಮೊದಲು ಅದನ್ನೇ ಜೋರಾಗಿ ಆಡಿ ನೋಡುತ್ತವೆ. ಅಲ್ಲಿ ಸೋತರೆ ಕೆಟ್ಟೆವು, ಜೋರಾಗಿ ಬೊಗಳಿದರೆ ಬಾಗಿಲು ತೆರೆಯುತ್ತದೆ ಅಂತ ಕಲಿಯುತ್ತವೆ. ನಾನು ಸೋಲಲಿಲ್ಲ, ಮಗ ಸೋತ. ಅವನು ಕರೆದೊಯ್ದ ಮರುದಿನ ಮತ್ತೆ ಮೊದಲಿನಿಂದ ಶುರು.

ಮೂರನೆಯದು ನನಗೆ ಇಷ್ಟವಾಯಿತು. ಹೊತ್ತಲ್ಲದ ಹೊತ್ತಿನಲ್ಲಿ ಸುಮ್ನೆ ಚೈನು ತೆಗೆಯುವುದು, ಎಲ್ಲಿಗೂ ಹೋಗದಿರುವುದು. ರಷ್ಯಾದ ವಿಜ್ಞಾನಿ ಪಾವ್ಲೊವ್‌ನ ನಾಯಿಗಳಿಗೆ ಊಟದ ಮುಂಚೆ ಬರುವ ಸದ್ದು ಕೇಳಿದರೇ ಜೊಲ್ಲು ಸುರಿಯುತ್ತಿತ್ತಲ್ವಾ? ಸದ್ದು ಬಂದೂ ಬಂದೂ ಊಟ ಬರದಿದ್ದರೆ ಆ ಜೊಲ್ಲೂ ನಿಲ್ಲುತ್ತದೆ. ಹಾಗಾಗಿ ಚೈನು ಹೆಗಲ ಮೇಲೆ ಹಾಕಿಕೊಂಡೇ ಹುಳಿ ಕುದಿಸಿದೆ, ಬಟ್ಟೆ ಮಡಚಿದೆ. ವಾರದಲ್ಲಿ ಕಿಣಿಕಿಣಿ ಕೇಳಿದರೂ ಕೆಂಚ ಒಂದು ಕಿವಿ ಮಾತ್ರ ಎತ್ತುತ್ತಿದ್ದ.

ಆದರೆ ಕಳ್ಳ, ಅಷ್ಟರಲ್ಲಿ ನನ್ನ ಕಾಲುಚೀಲದ ಮೇಲೆ ಕಣ್ಣಿಟ್ಟಿದ್ದ! ಚೈನು ಬಿಟ್ಟು ಅದಕ್ಕೆ ಕುಣಿಯತೊಡಗಿದ. ಸರಿ, ಶೂ ಹಾಕಿಕೊಂಡು ಕೂತು ಸೊಪ್ಪು ಬಿಡಿಸಿದೆ. ಅತ್ತೆ ಒಮ್ಮೆ ನೋಡಿದರು, ಏನೂ ಹೇಳಲಿಲ್ಲ.

ಒಂದನ್ನೇ ಆರಿಸಿ ಅಂದರೆ ಮೂರನೆಯದು. ದುಡ್ಡಿಲ್ಲ, ಪ್ರತ್ಯೇಕ ಸಮಯವೂ ಬೇಡ. ಅದರಿಂದ ಅರ್ಧ ತಣ್ಣಗಾದ ಮೇಲೆ ಎರಡನೆಯದು ಬೇಗ ಹತ್ತುತ್ತದೆ. ಈಗ ಕುರ್ಚಿಗೆ ಹೋಗುವುದು ಹೆಚ್ಚೆಂದರೆ ಎರಡು ಸಲ. ಬಿಸ್ಕತ್ತನ್ನು ಗೇಟಿನ ಹತ್ತಿರ ಸುಮ್ಮನೆ ನಿಂತಾಗ ಮಾತ್ರ ಕೊಡುತ್ತೇನೆ.

ಎರಡನೆಯದನ್ನು ಸಂಜೆ ಶುರು ಮಾಡಿ. ನಾನು ಬೆಳಿಗ್ಗೆ ಮಾಡಲು ಹೋಗಿ, ರಾತ್ರಿಯಿಡೀ ತಡೆದುಕೊಂಡಿದ್ದವನು ಬಾಗಿಲ ಬಳಿಯ ಮ್ಯಾಟ್ ಮೇಲೆ ಕಾಲೆತ್ತಿಬಿಟ್ಟ.